ಅಮ್ಮನಿಗಲ್ಲ, ಮಗಳಿಗೇ ಹೇಳುವ ಪಾಠ: ‘ಟೀನ್ಸ್ ಟೇಕಿಂಗ್ ಚಾರ್ಜ್’ ಹೇಗಿದೆ?

ಜೆಐಎ, ಅಂದರೆ ಮಕ್ಕಳ ಸಂಧಿವಾತ ಇರುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರೆಯವರೂ ಓದಿ. “ಇಷ್ಟು ಚಿಕ್ಕ ವಯಸ್ಸಿಗೇ ಮಂಡಿನೋವಾ?” ಅಂತ ಕೇಳೋದಾದರೂ ಕಡಿಮೆಯಾಗಲಿ.

ಕೆನಡಾದ ಟೊರೊಂಟೊದಲ್ಲಿ ಸಿಕ್‌ಕಿಡ್ಸ್ ಅನ್ನೋ ಮಕ್ಕಳ ಆಸ್ಪತ್ರೆ ಇದೆ. ಈ ಕಾಯಿಲೆ ಇರುವ ಹದಿಹರೆಯದವರಿಗಾಗಿ ಅಲ್ಲಿನವರು ಮಾಡಿರುವ ಆನ್‌ಲೈನ್ ಪಾಠಗಳೇ ‘ಟೀನ್ಸ್ ಟೇಕಿಂಗ್ ಚಾರ್ಜ್’. ಅದೇ ಆಸ್ಪತ್ರೆಯ ‘ಅಬೌಟ್‌ಕಿಡ್ಸ್‌ಹೆಲ್ತ್’ ವೆಬ್‌ಸೈಟಿನಲ್ಲಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ನಾವು ದಾವಣಗೆರೆಯವರು. ಈ ಕಾಯಿಲೆ ಇರೋದು ಮಗಳಿಗೆ, ಅವಳೀಗ ಮೊದಲ ಪಿಯುಸಿ. ತೋರಿಸೋದು ಬೆಂಗಳೂರಲ್ಲಿ.

ನನಗೆ ಹಿಡಿಸಿದ್ದು ಒಂದೇ ವಿಷಯ, ಆದರೆ ದೊಡ್ಡ ವಿಷಯ. ಇದು ಅಪ್ಪ-ಅಮ್ಮನ ಹತ್ತಿರ ಮಾತಾಡೋದಿಲ್ಲ. ನೇರ ಮಗುವಿನ ಹತ್ತಿರ ಮಾತಾಡುತ್ತದೆ. ನಿನ್ನ ಔಷಧಿ ಯಾವುದು, ಯಾಕೆ ತಗೊಳ್ತಿದ್ದೀಯ, ಡಾಕ್ಟರ್ ಹತ್ತಿರ ಏನು ಕೇಳಬೇಕು, ಮುಂದೆ ದೊಡ್ಡವರ ಡಾಕ್ಟರಿಗೆ ತೋರಿಸುವಾಗ ಏನು ಗೊತ್ತಿರಬೇಕು, ಹೀಗೆ. ಈ ಕಾಯಿಲೆಗೆ ಅವಳು ತಗೊಳ್ಳೋ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ ಅನ್ನೋದು ನಮ್ಮ ಮನೆಯಲ್ಲಿ ನನಗೆ ಮಾತ್ರ ಬಾಯಿಪಾಠವಾಗಿತ್ತು. ಅದನ್ನು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಜೊತೆಗೆ ಫೋಲಿಕ್ ಆಸಿಡ್ ಯಾಕೆ, ಆಗಾಗ ಲಿವರ್ ಟೆಸ್ಟ್ ಯಾಕೆ ಅನ್ನೋದೂ ಈಗ ಅವಳಿಗೆ ಗೊತ್ತು. ಮಾತ್ರೆ ಡಬ್ಬಿ ನನ್ನ ಬೀರುವಿನಿಂದ ಅವಳ ಓದೋ ಮೇಜಿಗೆ ಹೋಗಿದೆ. ನಾನು ಕದ್ದು ನೋಡ್ತೀನಿ, ಅದು ಬೇರೆ ಮಾತು.

ಮೊದಲೆಲ್ಲ ಡಾಕ್ಟರ್ “ಹೇಗಿದೀಯಾ ಪುಟ್ಟಿ?” ಅಂದರೆ ಉತ್ತರ ಕೊಡ್ತಿದ್ದದ್ದು ನಾನು. ಕಳೆದ ಸಲ ಅವಳೇ ಫೋನಲ್ಲಿ ಬರೆದುಕೊಂಡಿದ್ದನ್ನು ತೆಗೆದು ಓದಿದಳು. “ಎದ್ದ ಮೇಲೆ ಬೆರಳು ಸಡಿಲ ಆಗೋಕೆ ಮುಕ್ಕಾಲು ಗಂಟೆ ಬೇಕು ಡಾಕ್ಟ್ರೇ. ಬಲಗೈ ಮಣಿಕಟ್ಟು ಜಾಸ್ತಿ. ಭಾನುವಾರ ರಾತ್ರಿ ಮಾತ್ರೆ ತಗೊಂಡ್ರೆ ಸೋಮವಾರ ವಾಕರಿಕೆ, ಕಾಲೇಜು ಹೋಗುತ್ತೆ.” ಅವರು ಮಾತ್ರೆಯನ್ನು ಶನಿವಾರ ರಾತ್ರಿಗೆ ಹಾಕಿಕೊಟ್ಟರು. (ನೀವಾಗಿಯೇ ದಿನ ಬದಲಾಯಿಸಬೇಡಿ, ಕೇಳಿ ಮಾಡಿ.) ವಾಕರಿಕೆ ಇರೋದು ನನಗೂ ಗೊತ್ತಿತ್ತು. ಸೋಮವಾರದ ಪ್ರಾಕ್ಟಿಕಲ್ ತಪ್ಪುತ್ತಿದೆ ಅನ್ನೋ ಸಂಕಟ ಅವಳದ್ದು, ಅದನ್ನು ಅವಳೇ ಹೇಳಬೇಕಿತ್ತು.

ನೋವಿನ ಪಾಠ ಇದರಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ. ನೋವು ಬರೀ ಕೀಲಿನಲ್ಲಿ ಇರೋದಲ್ಲ. ನಿದ್ದೆ ಕೆಟ್ಟರೆ, ಪರೀಕ್ಷೆ ಭಯ ಇದ್ದರೆ ಅದೇ ನೋವು ಜಾಸ್ತಿ ಅನ್ನಿಸುತ್ತದೆ ಅಂತ ಬಿಡಿಸಿ ಹೇಳುತ್ತಾರೆ. ಉಸಿರಾಟದ ಅಭ್ಯಾಸಗಳಿವೆ. ಇದೇ ಕಾಯಿಲೆ ಇರುವ ಹುಡುಗ ಹುಡುಗಿಯರ ವಿಡಿಯೋಗಳಿವೆ, ಮಗಳು ಮತ್ತೆ ಮತ್ತೆ ನೋಡಿದ್ದು ಅವನ್ನೇ. ಮದ್ಯ, ಲೈಂಗಿಕತೆ, ಗರ್ಭಧಾರಣೆ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಬರೆದಿದ್ದಾರೆ. ಗರ್ಭದಲ್ಲಿರುವ ಮಗುವಿಗೆ ಮೆಥೊಟ್ರೆಕ್ಸೇಟ್‌ನಿಂದ ಹಾನಿ, ಮದ್ಯ ಸೇರಿದರೆ ಲಿವರಿಗೆ ಕಷ್ಟ. ಇದನ್ನು ನಾನು ಯಾವ ಬಾಯಲ್ಲಿ ಹೇಳ್ತಿದ್ದೆನೋ! ಅವಳೇ ಓದಿಕೊಂಡಳು, ನಾನು ಅಡುಗೆಮನೆಗೆ ಹೋದೆ.

ಇನ್ನು ಕೊರತೆಗಳು. ಎಲ್ಲ ಇಂಗ್ಲಿಷಿನಲ್ಲಿದೆ, ಫ್ರೆಂಚ್ ಕೂಡ ಇದೆಯಂತೆ, ನಮಗೇನು ಪ್ರಯೋಜನ? ಸರ್ಕಾರಿ ಶಾಲೆಯಲ್ಲಿ ಓದುವ ಮಗುವಿಗೆ ಯಾರಾದರೂ ಪಕ್ಕ ಕೂತು ಹೇಳಲೇಬೇಕು. ಮತ್ತೆ, ಅಲ್ಲಿನ ಮಕ್ಕಳ ದಿನವೇ ಬೇರೆ. ನಮ್ಮಲ್ಲಿ ಮದುವೆ ಮನೆಯಲ್ಲಿ ನೆಲದ ಪಂಕ್ತಿ, ಕಾಲೇಜಿನಲ್ಲಿ ಕುಕ್ಕರಗಾಲಲ್ಲಿ ಕೂರುವ ಕಕ್ಕಸು, ತುಂಬಿದ ಬಸ್ಸಿನ ಕಂಬಿ. ಇವಕ್ಕೆ ಅದರಲ್ಲಿ ಉತ್ತರ ಇಲ್ಲ. ಶಾಲೆಯವರ ಹತ್ತಿರ ಮಾತಾಡಿ ಅನುಕೂಲ ಕೇಳಿ ಅಂತಾರೆ. ಹೈಸ್ಕೂಲಿನಲ್ಲಿ ನಮ್ಮ ಪಿಟಿ ಮೇಷ್ಟ್ರು “ನಿನ್ನೆ ಓಡಿದ್ಯಲ್ಲ, ಇವತ್ತೇನು ನಾಟಕ?” ಅಂದಿದ್ದರು. ಒಂದು ದಿನ ಚೆನ್ನಾಗಿದ್ದು ಮರುದಿನ ಕುಂಟೋದು ಈ ಕಾಯಿಲೆಯ ಗುಣವೇ ಅಂತ ಅಂಥವರಿಗೆ ಹೇಗೆ ಹೇಳಬೇಕು ಅನ್ನೋದನ್ನು ನಾವೇ ಮನೆಯಲ್ಲಿ ಆಡಿ ನೋಡಿ ಕಲಿತೆವು.

ಇನ್ನೊಂದು ಮಾತು. ಈ ಪಾಠಗಳಿಂದ ಪ್ರಯೋಜನ ಇದೆಯಾ ಅಂತ ನೋಡಿ 2010ರಲ್ಲಿ ಆಸ್ಪತ್ರೆಯವರು ಪ್ರಕಟಿಸಿದ ಆರಂಭದ ಅಧ್ಯಯನದಲ್ಲಿ 12ರಿಂದ 18 ವರ್ಷದ 46 ಮಕ್ಕಳಿದ್ದರು. 12 ವಾರ ಪಾಠ ಓದಿದವರಿಗೆ ಕಾಯಿಲೆಯ ತಿಳಿವಳಿಕೆ ಹೆಚ್ಚಿತ್ತು, ನೋವು ಕಡಿಮೆಯಾಗಿತ್ತು. ಆದರೆ ಆ ಮಕ್ಕಳಿಗೆ ವಾರವಾರ ಫೋನ್ ಮಾಡಿ ವಿಚಾರಿಸುವವರೊಬ್ಬರಿದ್ದರು. ಸುಮ್ನೆ ಲಿಂಕ್ ಕಳಿಸಿ “ಓದಿಕೋ” ಅಂದರೆ ಅಷ್ಟು ಫಲ ಸಿಗಲಿಕ್ಕಿಲ್ಲ. ನಮ್ಮಲ್ಲಿ ಆ ಫೋನಿನ ಕೆಲಸ ನರ್ಸಿಂಗ್ ಓದುತ್ತಿರುವ ಅವಳ ದೊಡ್ಡಪ್ಪನ ಮಗಳು ಮಾಡಿದಳು. ಅಕ್ಕ ಕೇಳಿದರೆ ಉತ್ತರ, ನಾನು ಕೇಳಿದರೆ “ಗೊತ್ತಮ್ಮಾ!”

ಶುರು ಮಾಡೋರು ಮೊದಲ ಪಾಠದಿಂದ ಹೋಗಬೇಡಿ, ರೋಗನಿರೋಧಕ ಶಕ್ತಿಯ ವಿವರಣೆಗೇ ಮಕ್ಕಳು ಆಕಳಿಸುತ್ತಾರೆ. ನೋವಿನ ಪಾಠದಿಂದ ಹಿಡಿಯಿರಿ. ಕಣ್ಣಿನ ಭಾಗ ಮಾತ್ರ ಬಿಡಬೇಡಿ. ಈ ಕಾಯಿಲೆಯಲ್ಲಿ ಕಣ್ಣೊಳಗಿನ ಉರಿಯೂತ ನೋವು, ಕೆಂಪು ಏನೂ ತೋರಿಸದೆ ಬರಬಹುದು. ಅದಕ್ಕೇ ಕಣ್ಣಿನ ಡಾಕ್ಟರ್ ಸ್ಲಿಟ್ ಲ್ಯಾಂಪ್ ಅನ್ನೋ ಉಪಕರಣದಲ್ಲಿ ಕಣ್ಣೊಳಗೆ ನೋಡುವ ತಪಾಸಣೆ ತಪ್ಪಿಸಬಾರದು.

ಐದಕ್ಕೆ ಮೂರೂವರೆ ಸ್ಟಾರ್. ಕನ್ನಡದಲ್ಲಿ ಇದ್ದಿದ್ದರೆ ನಾಲ್ಕೂವರೆ ಕೊಡ್ತಿದ್ದೆ. ಮಗಳು ಐದು ಅಂತಾಳೆ, ಅವಳ ಲೆಕ್ಕ ಅವಳಿಗೆ.