‘ಅಲಾಸ್’ ಎಂದರೆ ಬರೀ ‘ಅಯ್ಯೋ’ ಅಲ್ಲ: ಒಂದು ಉದ್ಗಾರ ಕೈಪಿಡಿಯ ವಿಮರ್ಶೆ

ಬಳ್ಳಾರಿಯ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿ ಮಾರುತ್ತಿರುವ ಹಳೆಯ ಇಂಗ್ಲಿಷ್ ಉದ್ಗಾರಗಳ ಈ ಕೈಪಿಡಿಯನ್ನು ಪಿಯು, ಡಿಗ್ರಿ ಮಕ್ಕಳು ಧಾರಾಳವಾಗಿ ಕೊಳ್ಳಬಹುದು. ಆದರೆ ಪೆನ್ಸಿಲ್ ಹಿಡಿದು ತಿದ್ದಿಕೊಂಡೇ ಓದಬೇಕು.

ದೊಡ್ಡ ತಪ್ಪು ಮೊದಲ ಪುಟದಲ್ಲೇ ಇದೆ. ‘ಅಲಾಸ್’ ಎದುರಿಗೆ ‘ಅಯ್ಯೋ’ ಎಂದು ಬರೆದು ಮುಗಿಸಿದ್ದಾರೆ. ನಮ್ಮಲ್ಲಿ ಕಾಲಿಗೆ ಮುಳ್ಳು ಚುಚ್ಚಿದರೂ ಅಯ್ಯೋ, ಬಸ್ಸು ತಪ್ಪಿದರೂ ಅಯ್ಯೋ, ನೆಂಟರು ಹೇಳದೇ ಬಂದರೂ ‘ಅಯ್ಯ, ಯಾವಾಗ ಬಂದ್ರಿ!’ ಅಲಾಸ್‌ಗೆ ಅಷ್ಟು ಹರವಿಲ್ಲ. ದುಃಖ, ಮರುಕಕ್ಕಷ್ಟೇ ಅದು. ಹಳೆ ಫ್ರೆಂಚಿನಿಂದ ಬಂದದ್ದು, ಬೇರು ‘ದಣಿದ’ ಎಂಬರ್ಥದ ಲ್ಯಾಟಿನ್ ಪದ. ಮುಳ್ಳು ಚುಚ್ಚಿದಾಗ ‘ಔಚ್’ ಅನ್ನಬೇಕು.

‘ಫೈ’ಗೆ ಛೀ, ‘ಬ್ರಾವೊ’ಗೆ ಭೇಷ್ ಸರಿಯಾಗಿ ಕೂತಿವೆ. ‘ಲೋ’ ಮಾತ್ರ ನಮ್ಮ ‘ಲೋ, ಬಾರೋ’ ಅಲ್ಲ, ‘ಇಗೋ, ನೋಡು’ ಎಂದರ್ಥ.

‘ಝೌಂಡ್ಸ್’, ‘ಗ್ಯಾಡ್‌ಜೂಕ್ಸ್’ ಎರಡಕ್ಕೂ ‘ಆಶ್ಚರ್ಯ’ ಎಂದಿರುವುದು ತೀರಾ ಸಪ್ಪೆ. ಇವು ಆಣೆಗಳು. ಮೊದಲನೆಯದು ‘ದೇವರ ಗಾಯಗಳಾಣೆ’. ಎರಡನೆಯದು ‘ದೇವರ ಕೊಕ್ಕೆಗಳಾಣೆ’, ಆ ಕೊಕ್ಕೆ ಎಂದರೆ ಶಿಲುಬೆಯ ಮೊಳೆ ಎಂದು ಸಾಮಾನ್ಯವಾಗಿ ವಿವರಿಸುತ್ತಾರೆ. ದೇವರ ಹೆಸರನ್ನು ನೇರವಾಗಿ ಎತ್ತಲು ಅಂಜಿ ಪದವನ್ನೇ ಮೊಟಕು ಮಾಡಿದರು. 1606ರಲ್ಲಂತೂ ಇಂಗ್ಲೆಂಡಿನಲ್ಲಿ, ನಾಟಕದಲ್ಲಿ ದೇವರ ಹೆಸರನ್ನು ಹಗುರವಾಗಿ ಬಳಸಿದರೆ 10 ಪೌಂಡ್ ದಂಡ ಎಂಬ ಕಾಯ್ದೆಯೇ ಬಂತು. ‘ಗಾಡ್’ ಬದಲಿಗೆ ‘ಗಾಷ್’, ‘ಗಾಲಿ’ ಹುಟ್ಟಿದ್ದೂ ಇದೇ ಅಂಜಿಕೆಯಿಂದ. ಆದ್ದರಿಂದ ಝೌಂಡ್ಸ್‌ಗೆ ನಮ್ಮ ಕಡೆಯ ‘ಶಿವನಾಣಿ!’ ಹೆಚ್ಚು ಹೊಂದುತ್ತದೆ. ಅದರಲ್ಲಿ ಬೆರಗಿನ ಜೊತೆ ಸಿಟ್ಟೂ ಇದೆ. ಇಂದಿನ ಮಾತಿನಲ್ಲಿ ಗಾಷ್ ನಡೆಯುತ್ತದೆ, ಝೌಂಡ್ಸ್ ಅಂದರೆ ವೇಷ ಕಟ್ಟಿದಂತಾಗುತ್ತದೆ.

‘ಟಟ್-ಟಟ್’ ಅನ್ನು ಅಕ್ಷರವಿದ್ದಂತೆ ಓದಿಸಿದ್ದಾರೆ. ಮೂಲದಲ್ಲಿ ಅದು ನಾಲಿಗೆಯನ್ನು ಮೇಲ್ಹಲ್ಲಿನ ಹಿಂದೆ ಒತ್ತಿ ಎಳೆದಾಗ ಬರುವ ಲೊಚಗುಟ್ಟುವ ಸದ್ದು. ನಾವು ಹೆಚ್ಚಾಗಿ ಮರುಕಕ್ಕೆ ಲೊಚಗುಟ್ಟುತ್ತೇವೆ, ಇಂಗ್ಲಿಷಿನವರು ಹೆಚ್ಚಾಗಿ ಆಕ್ಷೇಪಕ್ಕೆ.

ಕೊಟ್ಟ ಕಾಸಿಗೆ ಮೋಸವಿಲ್ಲದ ಭಾಗ ಕೊನೆಯ ರಿಪೋರ್ಟೆಡ್ ಸ್ಪೀಚ್ (ಒಬ್ಬರು ಆಡಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದು) ಕೋಷ್ಟಕ. ಉದ್ಗಾರ ಪದವನ್ನೂ ಉದ್ಗಾರ ಚಿಹ್ನೆಯನ್ನೂ ತೆಗೆದು, ಅಲಾಸ್ ಇದ್ದರೆ ‘ಎಕ್ಸ್‌ಕ್ಲೇಮ್ಡ್ ವಿತ್ ಸಾರೋ’, ಹುರ್ರಾ ಇದ್ದರೆ ‘ವಿತ್ ಜಾಯ್’ ಹಾಕಿ, ಆಮೇಲೆ ‘ದಟ್’ ಬರೆದು, ಕ್ರಿಯಾಪದವನ್ನು ಭೂತಕಾಲಕ್ಕೆ ತಿರುಗಿಸಬೇಕು. ಬ್ರಾವೊಗೆ ‘ಅಪ್ಲಾಡೆಡ್’. ಅಂಕ ಹೋಗುವುದು ‘ದಟ್’ ಆದಮೇಲೂ ಅಲಾಸ್ ಉಳಿಸಿದಾಗ.

ಕೆಲವು ಪ್ರತಿಗಳಲ್ಲಿ ಇಂಕು ಮಸುಕಾಗಿ ಉದ್ಗಾರ ಚಿಹ್ನೆಯ ಗೆರೆ ಅಳಿಸಿ ಬರೀ ಚುಕ್ಕೆ ಉಳಿದಿದೆ. ಆ ಕೋಷ್ಟಕದ ಪುಟ ತಿರುಗಿಸಿ ನೋಡಿಯೇ ದುಡ್ಡು ಕೊಡಿ.