ಮುಸ್ಸಂಜೆಯ ಅಲೆಗಳಿಗೆ ವೇರಿಯಬಲ್ ಎನ್‌ಡಿ ಫಿಲ್ಟರ್: ಬಹಳ ದಿನ ಬಳಸಿದ ಮೇಲೆ

ಒದ್ದೆ ಮರಳಿನ ಮೇಲೆ ಬೀಳುವ ಕೆಂಪು ಆಕಾಶವನ್ನು ಈ ಫಿಲ್ಟರ್ ಅಳಿಸಿಹಾಕುತ್ತದೆ. ಇದನ್ನು ಬರೆಯಲು ಕೂತದ್ದೇ ಅದಕ್ಕೆ. ಎನ್‌ಡಿ ಅಂದರೆ ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು, ಬೆಳಕನ್ನು ಕಡಿಮೆ ಮಾಡಿ ಶಟರ್ ಹೆಚ್ಚು ಹೊತ್ತು ತೆರೆದಿಡಲು ಬಿಡುತ್ತದೆ. ವೇರಿಯಬಲ್ ಆದರೆ ರಿಂಗ್ ತಿರುಗಿಸಿ ಕತ್ತಲನ್ನು ಹೆಚ್ಚು ಕಡಿಮೆ ಮಾಡಬಹುದು. ಎನ್‌ಡಿ2ರಿಂದ ಎನ್‌ಡಿ400, ಕೋಟಿಂಗ್, ತೆಳು ಫ್ರೇಮ್, ಇವನ್ನೆಲ್ಲ ನೀವು ಬಾಕ್ಸ್ ಮೇಲೆ ನೋಡಿರುತ್ತೀರಿ. ಈ ತೊಂದರೆ ಮಾತ್ರ ನಾನು ಕೊಳ್ಳುವ ಮೊದಲು ಓದಿದ ಯಾವುದರಲ್ಲೂ ಇರಲಿಲ್ಲ.

ನಾನು ಫೋಟೋ ತೆಗೆಯುವುದು ಹೆಚ್ಚಾಗಿ ಉಡುಪಿ ಹತ್ತಿರದ ಕಾಪು ಕಡಲಿನಲ್ಲಿ, 1901ರ ಲೈಟ್‌ಹೌಸ್ ಇರುವ ಬಂಡೆಯ ಬುಡದಲ್ಲಿ. ಅಲ್ಲಿ ಸುತ್ತಲೂ ಕಲ್ಲು. ಅಲೆ ಬಂದು ಒಡೆಯುತ್ತದೆ, ಆಮೇಲೆ ಕಲ್ಲುಗಳ ನಡುವೆ ಎಳೆ ಎಳೆಯಾಗಿ ಹಿಂದೆ ಜಾರುತ್ತದೆ. ಆ ಎಳೆಗಳೇ ನನಗೆ ಬೇಕು. ಶಟರ್ 1/1000 ಸೆಕೆಂಡ್ ಇಟ್ಟರೆ ಹನಿಗಳು ಗಾಳಿಯಲ್ಲೇ ನಿಲ್ಲುತ್ತವೆ, ಚೆಂದವೇ. 1/60ರಲ್ಲಿ ಅತ್ತಲೂ ಇಲ್ಲ ಇತ್ತಲೂ ಇಲ್ಲ, ಸುಮ್ನೆ ಕೈ ಅಲುಗಿದ ಹಾಗೆ ಕಾಣುತ್ತದೆ. 30 ಸೆಕೆಂಡ್ ಬಿಟ್ಟರೆ ಕಡಲು ಹೋಗಿ ಮಂಜು ಉಳಿಯುತ್ತದೆ. ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನ ಒಳಗೆ ಮಾತ್ರ ನೀರು ನೀರಾಗಿಯೇ ಇದ್ದು, ಎತ್ತ ಹೋಯಿತು ಅನ್ನುವುದೂ ಕಾಣುತ್ತದೆ. ಅದೂ ಅಲೆ ಬರುವಾಗ ಅಲ್ಲ, ವಾಪಸ್ ಎಳೆಯುವಾಗ ಒತ್ತಬೇಕು. ಎರಡು ಸೆಕೆಂಡ್ ಟೈಮರ್ ಇಟ್ಟರೆ ಆ ಗಳಿಗೆ ತಪ್ಪಿಹೋಗುತ್ತದೆ. ವೈರ್ ರಿಮೋಟ್ ಇರಲೇಬೇಕು.

ಆ ಅರ್ಧ ಸೆಕೆಂಡಿಗಾಗಿಯೇ ಸುಮಾರು ನಾಲ್ಕು ಸಾವಿರ ಕೊಟ್ಟು ಇದನ್ನು ಕೊಂಡೆ. ನನ್ನ ಬಜೆಟ್ಟಿಗೆ ಅದು ಜಾಸ್ತಿಯೇ. ಮೊದಮೊದಲು ತುಂಬಾ ಖುಷಿಯಾಯಿತು. ಬೆಳಕು ನಿಮಿಷ ನಿಮಿಷಕ್ಕೂ ಇಳಿಯುವ ಹೊತ್ತಿನಲ್ಲಿ ಫಿಲ್ಟರ್ ಬಿಚ್ಚಿ ಹಾಕುವ ಕೆಲಸವೇ ಇಲ್ಲ, ರಿಂಗ್ ತಿರುಗಿಸಿದರೆ ಆಯಿತು.

ಆಮೇಲೆ ಮನೆಯಲ್ಲಿ ಕೂತು ಒಂದೇ ಸಂಜೆಯ ಫೋಟೋಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದರಲ್ಲಿ ಮರಳಿನ ಮೇಲೆ ಕೇಸರಿ ಬಣ್ಣ ಹೊಳೆಯುತ್ತಿದೆ. ಇನ್ನೊಂದರಲ್ಲಿ ಅದೇ ಮರಳು ಕಪ್ಪು. ನಡುವೆ ಬದಲಾದದ್ದು ರಿಂಗ್ ಮಾತ್ರ. ವೇರಿಯಬಲ್ ಎನ್‌ಡಿ ಅಂದರೆ ಒಂದರ ಮುಂದೊಂದು ಕೂರಿಸಿದ ಎರಡು ಪೋಲರೈಸರ್‌ಗಳು, ಅಂದರೆ ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಒಳಬಿಡುವ ಗಾಜುಗಳು. ನೀರಿನ ಮೇಲಿಂದ ಹೊಳೆದು ಬರುವ ಬೆಳಕು ಹೆಚ್ಚಾಗಿ ಅಡ್ಡಕ್ಕೆ ಕಂಪಿಸುತ್ತದೆ. ಮುಂದಿನ ಗಾಜು ಒಂದು ಕೋನಕ್ಕೆ ಬಂದರೆ ಆ ಹೊಳಪನ್ನೇ ತಡೆದುಬಿಡುತ್ತದೆ. ಕತ್ತಲು ಎಷ್ಟು ಬೇಕು ಅನ್ನುವುದೂ ಹೊಳಪು ಎಷ್ಟು ಉಳಿಯಬೇಕು ಅನ್ನುವುದೂ ಒಂದೇ ರಿಂಗಿನ ಕೈಯಲ್ಲಿದೆ. ನನಗೆ ಬೇಕಾದ ಶಟರ್‌ಗೆ ತಂದರೆ ಕಾಲ ಬುಡದ ಒದ್ದೆ ಮರಳಿನಲ್ಲಿ ಹೊಳೆಯುವ ಆಕಾಶ ಮಾಯ. ಮುಸ್ಸಂಜೆಯ ಫೋಟೋದಲ್ಲಿ ಅರ್ಧ ಚೆಂದ ಇರುವುದೇ ಅಲ್ಲಿ, ಅಲ್ವಾ?

ಒಂದು ಉಪಾಯ ಇದೆ. ಇಡೀ ಫಿಲ್ಟರನ್ನು ಲೆನ್ಸಿನಿಂದ ಕಾಲು ಸುತ್ತು ಸಡಿಲ ಮಾಡಿದರೆ ಎರಡು ಗಾಜೂ ಒಟ್ಟಿಗೆ ತಿರುಗುತ್ತವೆ. ಹೊಳಪು ವಾಪಸ್ ಬರುತ್ತದೆ. ಆದರೆ ಅಲೆ ಬಡಿಯುವ ಕಲ್ಲಿನ ಮೇಲೆ ನಿಂತು ಅದನ್ನು ಸಡಿಲ ಬಿಡಲು ನನಗೆ ಧೈರ್ಯ ಇಲ್ಲ. 18 ಎಂಎಂ‌ನಲ್ಲಿ (ಅಗಲ ನೋಟದಲ್ಲಿ) ರಿಂಗ್ ಜಾಸ್ತಿ ತಿರುಗಿಸಿದರೆ ಆಕಾಶದಲ್ಲಿ ಕಪ್ಪು ಗುಣಾಕಾರ ಚಿಹ್ನೆ ಮೂಡುವುದು ಬೇರೆ. ಅದು ಈ ಜಾತಿಯ ಫಿಲ್ಟರ್‌ಗಳಿಗೆಲ್ಲ ಇರುವ ರೋಗ, ಇದೊಂದನ್ನೇ ಬಯ್ಯುವುದಿಲ್ಲ.

ಲೆಕ್ಕ ಹಾಕಿದರೆ ಈ ಕೆಲಸಕ್ಕೆ ಇಷ್ಟು ಕತ್ತಲು ಬೇಕಾಗುವುದೂ ಇಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಐಎಸ್‌ಒ 100, ಎಫ್11 ಇಟ್ಟರೆ ಮೋಡವಿಲ್ಲದ ದಿನ ಸುಮಾರು 1/30 ಸಿಗುತ್ತದೆ. ಸಾಧಾರಣ ಎನ್‌ಡಿ8 ಮೂರು ಸ್ಟಾಪ್ ಇಳಿಸುತ್ತದೆ, ಅಂದರೆ ಬೆಳಕನ್ನು ಮೂರು ಸಲ ಅರ್ಧ ಮಾಡುತ್ತದೆ, ಅಲ್ಲಿಗೆ 1/4. ಇನ್ನು ಇಪ್ಪತ್ತು ಇಪ್ಪತ್ತೈದು ನಿಮಿಷ ಕಾದರೆ ಯಾವ ಫಿಲ್ಟರೂ ಇಲ್ಲದೆ ಒಂದು ಸೆಕೆಂಡ್ ಬರುತ್ತದೆ. ಈಗ ನನ್ನ ಬ್ಯಾಗಿನಲ್ಲಿ ಒಂದು ಎನ್‌ಡಿ8 ಇದೆ. ಅದನ್ನು ಎತ್ತ ತಿರುಗಿಸಿದರೂ ಮರಳಿನ ಬಣ್ಣ ಹಾಗೇ ಇರುತ್ತದೆ.

ಹಾಗಂತ ಹಳೆಯದನ್ನು ಮಾರಿಲ್ಲ. ವಿಡಿಯೋಗೆ ಇದರಷ್ಟು ಅನುಕೂಲ ಬೇರೆ ಇಲ್ಲ. ಹಗಲಲ್ಲಿ ಮಲ್ಪೆ ಬಂದರಿನ ದೋಣಿಗಳನ್ನು 1/50ರಲ್ಲಿ ಹಿಡಿಯುವಾಗ ಇದನ್ನೇ ಹಾಕುತ್ತೇನೆ. ಗಾಜಿನ ಬಗ್ಗೆಯೂ ದೂರಿಲ್ಲ. ಉಪ್ಪಿನ ಸಿಡಿತವನ್ನು ಇಷ್ಟು ದಿನ ತಡೆದುಕೊಂಡಿದೆ, ಒಂದು ಗೀರೂ ಬಿದ್ದಿಲ್ಲ.

ಅದಕ್ಕೆ ತೊಳೆಯುವ ಕ್ರಮವೂ ಕಾರಣ ಇರಬಹುದು. ಕಡಲಿಂದ ಬಂದ ಕೂಡಲೇ ಒಣ ಬಟ್ಟೆ ಮುಟ್ಟಿಸುವುದಿಲ್ಲ. ಉಪ್ಪಿನ ಹರಳು, ಮರಳು ಅಲ್ಲೇ ಗೀಚಿಬಿಡುತ್ತವೆ. ಮೊದಲು ಬಾಟಲಿಯ ಕುಡಿಯುವ ನೀರನ್ನು ಗಾಜಿನ ಮೇಲೆ ನಿಧಾನಕ್ಕೆ ಸುರಿಯುತ್ತೇನೆ. ಆಮೇಲೆ ಒಗೆದು ಒಗೆದು ಮೆತ್ತಗಾದ ಹಳೇ ಬೈರಾಸಿನಿಂದ ಒತ್ತಿ ತೆಗೆಯುತ್ತೇನೆ, ಉಜ್ಜುವುದಿಲ್ಲ. ಟ್ರೈಪಾಡಿನ ಕಾಲುಗಳನ್ನು ಪೂರ್ತಿ ಎಳೆದು ನಲ್ಲಿ ನೀರಿನಲ್ಲಿ ತೊಳೆದು, ಎಳೆದ ಹಾಗೇ ಜಗಲಿಯಲ್ಲಿ ಒಣಗಲು ಬಿಡುತ್ತೇನೆ.

ಮರಳು ಹೊಕ್ಕು ರಿಂಗ್ ಈಗೀಗ ಗರಗರ ಅನ್ನುತ್ತದೆ. ಲೆನ್ಸಿಗೆ ಕಚ್ಚಿಕೊಂಡು ಬಿಚ್ಚಲು ಬಾರದಿದ್ದರೆ ಫ್ರೇಮಿನ ಸುತ್ತ ದಪ್ಪ ರಬ್ಬರ್ ಬ್ಯಾಂಡ್ ಹಾಕಿ ತಿರುಗಿಸಿ. ಬೆರಳಲ್ಲಿ ಗಟ್ಟಿಯಾಗಿ ಹಿಂಡಬೇಡಿ, ತೆಳು ಫ್ರೇಮ್ ಸೊಟ್ಟಗಾಗಿ ಇನ್ನೂ ಬಿಗಿಯಾಗುತ್ತದೆ.