ಸೀತಾಳೆ ದಂಡೆ ಕಿಟ್: ಸಸಿಗೆ ಒಪ್ಪಿಗೆ, ಮಿಕ್ಸ್‌ಗೆ ಬೇಡ

ಆನ್‌ಲೈನ್‌ನಲ್ಲಿ ‘ಫಾಕ್ಸ್‌ಟೇಲ್ ಆರ್ಕಿಡ್ ಕಿಟ್’ ಅಂತ ಮಾರುವ ಡಬ್ಬಿಯಲ್ಲಿ ಸಾಮಾನ್ಯವಾಗಿ ನಾಲ್ಕು ಸಾಮಾನು ಇರುತ್ತವೆ: ನಮ್ಮ ಮಲೆನಾಡಿನ ಸೀತಾಳೆ ದಂಡೆಯ ಸಸಿ, ಮರದ ಪಟ್ಟಿಯ ತೂಗುಬುಟ್ಟಿ, ಬೇರಿನ ಸುತ್ತ ತುಂಬಲು ಒಂದು ಚೀಲ ಆರ್ಕಿಡ್ ಮಿಕ್ಸ್, ಒಂದು ಪೊಟ್ಟಣ ಗೊಬ್ಬರ. ಇದರಲ್ಲಿ ದುಡ್ಡು ಕೊಡಬೇಕಾದದ್ದು ಸಸಿಗೆ, ಬುಟ್ಟಿಗೆ. ಮಿಕ್ಸ್ ಅಂತೂ ಗಿಡ ಕೊಲ್ಲಲೆಂದೇ ಇಟ್ಟಂತಿರುತ್ತದೆ.

ಡಬ್ಬಿ ಬಿಚ್ಚಿದ ಕೂಡಲೇ ಬೇರು ನೋಡಿ, ಎಲೆ ಆಮೇಲೆ. ಬೆಳ್ಳಗೆ, ದಪ್ಪಗೆ, ಗಟ್ಟಿಯಾಗಿದ್ದು ತುದಿಯಲ್ಲಿ ಹಸಿರಿದ್ದರೆ ಸಸಿ ಒಳ್ಳೆಯದು. ಒತ್ತಿದಾಗ ಸಿಪ್ಪೆ ಜಾರಿ ಒಳಗೆ ದಾರದಂಥ ನಾರು ಮಾತ್ರ ಉಳಿದರೆ ಆ ಬೇರು ಸತ್ತಿದೆ, ಕತ್ತರಿಸಿ. ಹಳೇ ಬೇರುಗಳು ಮೊಂಡಾಗಿ ಮುರಿದು, ಮರದ ತೊಗಟೆಯ ಚಕ್ಕೆ ಅಂಟಿಕೊಂಡಿದ್ದರೆ ಅದು ಕಾಡಿನಿಂದ ಕಿತ್ತು ತಂದದ್ದಿರಬಹುದು. ಅಂಥದ್ದನ್ನು ವಾಪಸ್ ಕಳಿಸಿ. ಕಾಡಿನ ಆರ್ಕಿಡ್ ಕೀಳುವುದು ಕಾನೂನಿಗೆ ವಿರುದ್ಧ, ಮೇಲಾಗಿ ಅಂಥ ಗಿಡ ಹೊಸ ಜಾಗಕ್ಕೆ ಒಗ್ಗುವುದೂ ಕಷ್ಟ. ಲ್ಯಾಬ್‌ನಲ್ಲಿ ಬೀಜದಿಂದ ಬೆಳೆಸಿದ್ದೇ ಬೇಕು ಅಂತ ಮೊದಲೇ ಕೇಳಿ.

ಇನ್ನು ಗಾತ್ರ. ಬೆರಳುದ್ದದ ಸಸಿಯ ಚಿತ್ರದ ಪಕ್ಕ ‘ಇದೇ ವರ್ಷ ಹೂವು’ ಅಂತ ಬರೆದಿದ್ದರೆ ನಂಬಬೇಡಿ. ಲ್ಯಾಬ್‌ನಲ್ಲಿ ಬೆಳೆಸಿದ ಬಾಟಲಿಯಿಂದ ಹೊರತೆಗೆದ ಸಸಿ ಹೂ ಬಿಡಲು ನಾಲ್ಕೈದು ವರ್ಷ ಹಿಡಿಯುತ್ತದೆ. ಗೇಣುದ್ದದ ಎಲೆ ಐದಾರು ಜೊತೆ ಇರುವ ಗಿಡ ಕೊಂಡರೆ ಮುಂದಿನ ಬೇಸಿಗೆಯ ಕೊನೆಗೆ ಆಸೆ ಇಟ್ಟುಕೊಳ್ಳಬಹುದು.

ಪರಿಮಳದ ಬಗ್ಗೆಯೂ ಮಾರುವವರು ಸ್ವಲ್ಪ ಜಾಸ್ತಿಯೇ ಹೇಳುತ್ತಾರೆ. ಸೀತಾಳೆ ದಂಡೆಯದ್ದು (ರಿಂಕೋಸ್ಟೈಲಿಸ್ ರೆಟ್ಯೂಸಾ) ತೆಳುವಾದ ಸಿಹಿ ಕಂಪು, ಹತ್ತಿರ ಮೂಗಿಟ್ಟರೆ ಗೊತ್ತಾಗುತ್ತದೆ. ಅಂಗಳ ತುಂಬುವ ವಾಸನೆ ಬೇಕಿದ್ದರೆ ಅದರ ಥಾಯ್ಲೆಂಡ್ ಕಡೆಯ ಸೋದರ ರಿಂಕೋಸ್ಟೈಲಿಸ್ ಜೈಗಾಂಟಿಯಾ ತರಿಸಿ. ಅದರ ಎಲೆ ಅಗಲ, ಗೊಂಚಲು ಗಿಡ್ಡ, ಹೂವು ಚಳಿಗಾಲದಲ್ಲಿ. ಎರಡನ್ನೂ ‘ಫಾಕ್ಸ್‌ಟೇಲ್’ ಅಂತಲೇ ಮಾರುವುದರಿಂದ ಪೂರ್ತಿ ಹೆಸರು ಕೇಳದೆ ಆರ್ಡರ್ ಮಾಡಬೇಡಿ.

ಈಗ ಆ ಮಿಕ್ಸ್. ಹೆಚ್ಚಿನವುಗಳಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ತೊಗಟೆಯ ಪುಡಿ, ಪಾಚಿ ಇರುತ್ತವೆ. ಮರದ ಮೇಲೆ ಗಾಳಿಗೆ ಜೋತುಬೀಳುವ ಬೇರು ನೆನೆದ ಕೆಲವೇ ಗಂಟೆಗಳಲ್ಲಿ ಮತ್ತೆ ಒಣಗಬೇಕು. ಕೋಕೋಪೀಟ್ ಎರಡು ಮೂರು ದಿನ ತೇವ ಹಿಡಿದಿಟ್ಟುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಒಣಗುವುದೇ ಇಲ್ಲ. ಅದರ ಬದಲು ಆರಿಂಚಿನ ಬುಟ್ಟಿಗೆ ಒಂದೂವರೆ ಇಂಚಿನ ಇದ್ದಿಲ ತುಂಡು ಏಳೆಂಟು, ಹೆಂಚಿನ ಚೂರು ನಾಲ್ಕು ಸಾಕು. ಅವು ಗಿಡ ಅಲುಗಾಡದಿರಲಿ ಅಂತ ಅಷ್ಟೇ. ಬೆಂಗಳೂರು, ಬಳ್ಳಾರಿಯಂಥ ಒಣ ಹವೆಗೆ ತೆಂಗಿನ ಸಿಪ್ಪೆಯ ಒಂದೆರಡು ತುಂಡು ಸೇರಿಸಬಹುದು, ಆದರೆ ಮೂರು ದಿನ ನೀರು ಬದಲಿಸುತ್ತ ನೆನೆಸಿ, ಕಂದು ಬಣ್ಣ ಬಿಡುವುದು ನಿಂತ ಮೇಲೆ.

ಕೂರಿಸುವ ಮೊದಲು ಬೇರನ್ನು ಕಾಲು ಗಂಟೆ ನೀರಲ್ಲಿಡಿ, ಬಳುಕುತ್ತದೆ. ಒಣ ಬೇರನ್ನು ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಬಗ್ಗದ ಬೇರನ್ನು ಬುಟ್ಟಿಯ ಹೊರಗೇ ಬಿಡಿ. ಬುಡ ಅಂಚಿನ ಮಟ್ಟಕ್ಕಿರಲಿ, ದಾರದಿಂದ ಪಟ್ಟಿಗೆ ಕಟ್ಟಿ. ಬೇರು ಕತ್ತರಿಸಿದ್ದರೆ ಗಾಯ ಒಣಗಲು ನಾಲ್ಕು ದಿನ ನೀರು ಬೇಡ.

ನೀರಿನ ಅಳತೆ ಬೇರೇ ಹೇಳುತ್ತದೆ. ಬಿಳಿ ಬೇರು ಹಸಿರಾಗುವವರೆಗೆ ಹಾಕಿ, ನಿಲ್ಲಿಸಿ. ಬೇಸಿಗೆಯಲ್ಲಿ ದಿನಾ ಬೆಳಿಗ್ಗೆ, ಚಳಿಗಾಲದಲ್ಲಿ ವಾರಕ್ಕೆ ಎರಡು ಸಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಬೇರಿನ ಮೇಲೆ ಬಿಳಿ ಉಪ್ಪು ಕೂತು ತುದಿ ಸುಡುತ್ತದೆ, ಮಳೆನೀರು ಹಿಡಿದಿಡಿ. ಗೊಬ್ಬರ ಬಳಸಬಹುದು, ಆದರೆ ಕಡಿಮೆ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಆದರೆ ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ, ಮೊದಲು ಬರೀ ನೀರು ಹಾಕಿದ ಮೇಲೆ.

ಗಿಡ ಕೈಕೊಡುವುದು ಹೆಚ್ಚಾಗಿ ನಡುಸುಳಿಯಲ್ಲಿ. ರಾತ್ರಿಯಿಡೀ ಅಲ್ಲಿ ನೀರು ನಿಂತರೆ ಸುಳಿ ಕಪ್ಪಾಗಿ, ಎಳೆದರೆ ಕೈಗೆ ಬರುತ್ತದೆ. ಬುಟ್ಟಿಯನ್ನು ಸ್ವಲ್ಪ ಓರೆಯಾಗಿ ತೂಗುಹಾಕಿದರೆ ಈ ಕಾಟ ಅರ್ಧಕ್ಕರ್ಧ ಕಡಿಮೆ. ಮಳೆಗಾಲದ ಗೊಂಡೆಹುಳ (ಚಿಪ್ಪಿಲ್ಲದ ಬಸವನಹುಳ) ಬೇರಿನ ಹಸಿರು ತುದಿಯನ್ನೇ ತಿನ್ನುತ್ತದೆ, ರಾತ್ರಿ ಟಾರ್ಚ್ ಹಿಡಿದು ಆರಿಸಬೇಕು. ಎಲೆ ಕಡುಹಸಿರಾಗಿ ಚೆಂದ ಕಾಣುತ್ತ ಹೂ ಬಿಡದಿದ್ದರೆ ಬೆಳಕು ಸಾಲದು ಅಂತಲೇ ಅರ್ಥ. ಬೆಳಗಿನ ಎಳೆಬಿಸಿಲು, ಆಮೇಲೆ ಶೇ. 50ರ ಶೇಡ್‌ನೆಟ್ ನೆರಳು ಬೇಕು.

ಬುಟ್ಟಿ ಸಾಗುವಾನಿಯದ್ದಾದರೆ ಬಾಳಿಕೆ ಬರುತ್ತದೆ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದ್ದು ಬೇಗ ಕೊಳೆಯುತ್ತದೆ. ಕೆಳಗೆ ಎರಡಡಿ ಖಾಲಿ ಜಾಗ ಬಿಡಿ, ಹೂವಿನ ದಂಡೆ ಅಷ್ಟುದ್ದ ಇಳಿಯಬಹುದು. ಮೊಗ್ಗು ಕಂಡ ಮೇಲೆ ಬುಟ್ಟಿಯನ್ನು ತಿರುಗಿಸಬೇಡಿ, ಹೂವುಗಳೆಲ್ಲ ದಿಕ್ಕು ತಪ್ಪಿ ಸೊಟ್ಟಗೆ ಅರಳುತ್ತವೆ. ತರಿಸುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ತರಿಸಿ. ಸೆಕೆಗೆ ಹೊಸ ಬೇರು ಹೊರಟು, ಮಳೆ ಹಿಡಿಯುವಷ್ಟರಲ್ಲಿ ಅದು ಬುಟ್ಟಿಯ ಪಟ್ಟಿಗೆ ಕಚ್ಚಿಕೊಂಡಿರುತ್ತದೆ.